ಡಿಕ್ಕಿ ಸಂತೆಯಲ್ಲಿ ಸಿಕ್ಕ ಕಾಫಿ ಮಿಲ್ಲು

ಮೊದಲ ಭಾನುವಾರ: ಬೂಟಿಲ್ಲದ ಬೂಟ್ ಸೇಲು

ಐರ್ಲೆಂಡಿಗೆ ಹೋಗಿ ಬಂದವರನ್ನು ನಮ್ಮ ಜನ ಕೇಳುವುದು ಮೂರೇ ಪ್ರಶ್ನೆ. ಸಮುದ್ರದ ಅಂಚಿನ ಬಂಡೆ ನೋಡಿದಿರಾ? ಕೋಟೆ ನೋಡಿದಿರಾ? ಆ ಬ್ಲಾರ್ನಿ ಕಲ್ಲಿಗೆ ಮುತ್ತು ಕೊಟ್ಟಿರಾ? ಆ ಕಲ್ಲಿಗೆ ಮುತ್ತಿಟ್ಟವರಿಗೆ ಮಾತು ಅರಳು ಹುರಿದ ಹಾಗೆ ಬರುತ್ತದಂತೆ. ಅಕ್ಕನಿಗೆ ಅದರ ಅಗತ್ಯವಿಲ್ಲ ಎಂದು ನನ್ನ ತಂಗಿಯ ಗಂಡ ನಾಗೇಶ ಮೊದಲ ದಿನವೇ ತೀರ್ಮಾನಿಸಿ ಆ ಟ್ರಿಪ್ಪನ್ನೇ ರದ್ದು ಮಾಡಿದ. ಬಂಡೆಗೆ ಹೊರಟ ದಿನ ಮಂಜು. ಕೋಟೆಗೆ ಹೊರಟ ದಿನ ಅಲ್ಲಿ ರಿಪೇರಿ. ಹೀಗಾಗಿ ಮೂರು ವಾರದ ಪ್ರವಾಸದಲ್ಲಿ ನಾನು ಕಣ್ತುಂಬ ನೋಡಿದ್ದು ಕಾರುಗಳ ಡಿಕ್ಕಿಗಳನ್ನು.

ನಾನು ಲಲಿತ, ಮೈಸೂರಿನವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಬಲಗೈ ಭುಜ ಹಿಡಿದುಕೊಂಡ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡವಳು. ತಂಗಿ ಪದ್ಮ ಇರುವುದು ಕಾರ್ಕ್ ಊರಿನ ಹೊರವಲಯದ ಗ್ಲ್ಯಾನ್‌ಮೈರ್‌ನಲ್ಲಿ. ನಾಗೇಶ ಪಕ್ಕದ ಲಿಟಲ್ ಐಲ್ಯಾಂಡಿನ ಒಂದು ಔಷಧಿ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಐಲ್ಯಾಂಡು ಎಂದಾಗ ನಾನು ದೋಣಿ ಹತ್ತಬೇಕೇನೋ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಶುದ್ಧ ಪೀಣ್ಯ.

ಹೋದ ಮೂರನೇ ದಿನ ನನ್ನ ಚಪ್ಪಲಿ ಅವರ ಹಿತ್ತಲ ಕೆಸರಿನಲ್ಲಿ ಹೂತು ಒಂದು ಪಟ್ಟಿ ಕಿತ್ತುಹೋಯಿತು. ಆಗ ನಾಗೇಶ, “ಅಕ್ಕ, ಭಾನುವಾರ ಕಾರ್ ಬೂಟ್ ಸೇಲ್ ಇರುತ್ತೆ, ಹೋಗ್ಬನ್ನಿ, ನಿಮಗೆ ಇಷ್ಟ ಆಗುತ್ತೆ” ಅಂದ. ನಮ್ಮ ಮನೆ ಅಳಿಯಂದಿರು ಬುದ್ಧಿವಂತರು ಎಂದು ಖುಷಿಪಟ್ಟೆ. ಕಾರಿನಲ್ಲಿ ತಂದು ಬೂಟು ಮಾರುತ್ತಾರೆ, ನಮ್ಮಲ್ಲಿ ಆಟೋದಲ್ಲಿ ತಂದು ಈರುಳ್ಳಿ ಮಾರುವುದಿಲ್ಲವೇ? ಪಾದದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು, ಎರಡೆರಡು ಕಾಲುಚೀಲ ಹಾಕಿಕೊಂಡು, ರೇಷ್ಮೆ ಸೀರೆಯ ಮೇಲೆ ಪದ್ಮಳ ರೇನ್‌ಕೋಟು ತೊಟ್ಟು ಹೊರಟೆ. ದಾರಿಯುದ್ದಕ್ಕೂ ಪದ್ಮ ಒಂದು ಮಾತನ್ನೂ ಹೇಳಲಿಲ್ಲ. ಹೇಳಿದ್ದರೆ ನಾನು ಆಡುವುದನ್ನು ನೋಡುವ ಮಜಾ ಅವಳಿಗೆ ತಪ್ಪಿಹೋಗುತ್ತಿತ್ತು.

ಅದು ಊರಾಚೆ ಒಂದು ಹೊಲ. ಹೊಲದ ತುಂಬ ಕಾರುಗಳು, ಎಲ್ಲವೂ ಡಿಕ್ಕಿ ಬಾಯಿ ತೆರೆದುಕೊಂಡು ನಿಂತಿದ್ದವು. ಪ್ರತಿ ಡಿಕ್ಕಿಯ ಮುಂದೆ ಒಂದು ಮಡಚುವ ಟೇಬಲ್ಲು, ಅದರ ಮೇಲೆ ಒಂದು ಇಡೀ ಸಂಸಾರ. ದೀಪ, ಕೆಟಲು, ಕುದುರೆಲಾಳ, ಹಲ್ಲಿಲ್ಲದ ಬಾಚಣಿಗೆ, ಅಜ್ಜನ ಮದುವೆ ಫೋಟೋದ ಚೌಕಟ್ಟು. ಚೌಕಟ್ಟಿನಲ್ಲಿ ಅಜ್ಜ ಇನ್ನೂ ಇದ್ದ. ಹುಡುಕಿದರೂ ಬೂಟು ಒಂದೇ ಜೊತೆ, ಅದೂ ಎರಡೂ ಎಡಗಾಲಿನವು. ಇಲ್ಲಿ ಬೂಟು ಎಂದರೆ ನಮ್ಮ ಡಿಕ್ಕಿ ಎಂದು ಪದ್ಮ ಆಗ ಬಾಯಿಬಿಟ್ಟಳು. ನಗುತ್ತ ನಗುತ್ತ ಪಕ್ಕದ ಕಾರಿಗೆ ಒರಗಿ ಅದರ ಅಲಾರಂ ಹೊಡೆಸಿದಳು.

ನಾನು ನಗಲಿಲ್ಲ, ಏಕೆಂದರೆ ನನಗೆ ಆಗಲೇ ಮೈ ಜುಮ್ಮೆಂದಿತ್ತು. ನನಗೆ ಹಳೇ ಸಾಮಾನಿನ ಹುಚ್ಚು. ಬೆಂಗಳೂರಿಗೆ ಹೋದರೆ ಚಿಕ್ಕಪೇಟೆಯ ಸಂಡೆ ಬಜಾರಿಗೆ ಹೋಗದೆ ಬಂದವಳಲ್ಲ. ಆದರೆ ಹದಿನೆಂಟು ವರ್ಷದಿಂದ ನಾನು ಎಲ್ಲ ಗುಜರಿಯಲ್ಲೂ ಹುಡುಕುತ್ತಿದ್ದುದು ಒಂದೇ ಸಾಮಾನನ್ನು. ಎರಕದ ಕಬ್ಬಿಣದ ಕಾಫಿ ಮಿಲ್ಲು. ಹಸಿರು ಬಣ್ಣ, ಮೇಲೆ ತುತ್ತೂರಿಯಂಥ ಬಾಯಿ, ಪಕ್ಕದಲ್ಲಿ ಮರದ ಹಿಡಿ, ಟೇಬಲ್ಲಿನ ಅಂಚಿಗೆ ಕಚ್ಚಿಸಲು ತಿರುಪು, ಹೊಟ್ಟೆಯ ಮೇಲೆ ಉಬ್ಬು ಅಕ್ಷರದಲ್ಲಿ ಎರಡು ಎಂಬ ಅಂಕಿ. ಇಂಥದ್ದೇ ನಮ್ಮ ಅಮ್ಮನ ಹತ್ತಿರ ಇತ್ತು, ಯಾವುದೋ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದದ್ದು. ಹದಿನೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ, ಬೀದಿಯಲ್ಲಿ ಹಳೇ ಸಾಮಾನಿಗೆ ಪ್ಲಾಸ್ಟಿಕ್ ಕೊಡುವವಳು ಕೂಗಿಕೊಂಡು ಬಂದಾಗ, ಈ ಮಹಾತಾಯಿ ಪದ್ಮ ಅದನ್ನು ಎತ್ತಿ ಕೊಟ್ಟು ಒಂದು ನೀಲಿ ಬಕೆಟ್ಟು ತೆಗೆದುಕೊಂಡಳು. ಅಮ್ಮ ಏನೂ ಅನ್ನಲಿಲ್ಲ. ಅಂಗಡಿ ಪುಡಿಗೆ ಒಗ್ಗಿಕೊಂಡಳು, ಎರಡು ವರ್ಷಕ್ಕೆ ತೀರಿಕೊಂಡಳು. ಅಮ್ಮ ಅನ್ನದೇ ಉಳಿಸಿದ್ದನ್ನೆಲ್ಲ ನಾನು ಅಂದಿದ್ದೇನೆ. ನಮ್ಮಿಬ್ಬರ ಯಾವ ಜಗಳವೂ, ಅದು ಒಗ್ಗರಣೆಯಿಂದ ಶುರುವಾಗಲಿ, ಸೈಟಿನಿಂದ ಶುರುವಾಗಲಿ, ಕೊನೆಗೆ ಬಕೆಟ್ಟಿಗೇ ಬಂದು ನಿಲ್ಲುತ್ತದೆ.

“ಅಕ್ಕಾ, ಇವೆಲ್ಲಾ ಸತ್ತೋರ ಮನೆ ಸಾಮಾನು. ಮುಟ್ಬೇಡ,” ಎಂದು ಪದ್ಮ ಪಿಸುಗುಟ್ಟಿದಳು. “ಯಾರಾದ್ರೂ ಕನ್ನಡದೋರು ನೋಡಿದ್ರೆ ಏನಂತಾರೆ?”

ನೋಡಿದರು. ಮುಂದಿನ ಸಾಲಿನಲ್ಲಿ ಕನ್ನಡ ಸಂಘದ ದಂಪತಿ ಒಂದು ದೊಡ್ಡ ಲ್ಯಾಂಪ್‌ಶೇಡಿನ ಹಿಂದೆ ಬಚ್ಚಿಟ್ಟುಕೊಳ್ಳಲು ನೋಡುತ್ತಿದ್ದರು. “ವಾಕಿಂಗ್ ಬಂದಿದ್ವಿ,” ಅಂದರು ಅವರು. “ನಾವೂ,” ಅಂದಳು ಪದ್ಮ. ನಾಲ್ಕು ಜನ ಸಭ್ಯರು, ಊರಾಚೆ ಕೆಸರಿನ ಹೊಲದಲ್ಲಿ, ಬೆಳಿಗ್ಗೆ ಏಳೂವರೆಗೆ ವಾಕಿಂಗು. ಇದಾದ ಮೇಲೆ ಪದ್ಮ ಜಾಕೆಟ್ಟಿನ ಹುಡ್ಡು ತಲೆಯ ಮೇಲೆ ಎಳೆದುಕೊಂಡು ಹೋಗಿ ಕಾರಿನಲ್ಲಿ ಕೂತುಬಿಟ್ಟಳು.

ಒಬ್ಬಳೇ ಆದ ಮೇಲೆ ನನಗೆ ರೆಕ್ಕೆ ಬಂತು. ಒಂದು ಡಿಕ್ಕಿಯಲ್ಲಿ ಬಾಲಯೇಸುವಿನ ಸಣ್ಣ ಮೂರ್ತಿ ಇತ್ತು, ತಲೆ ಬೇರೆ ಮುಂಡ ಬೇರೆ. ನಮ್ಮಲ್ಲಿ ಮೂರ್ತಿ ಭಿನ್ನವಾದರೆ ಅರಳಿಕಟ್ಟೆಗೆ ಇಟ್ಟು ಕೈಮುಗಿದು ಬರುತ್ತೇವೆ. ಇಲ್ಲಿ ಮಾರುವ ಹೆಂಗಸು ಹೆಮ್ಮೆಯಿಂದ ತಲೆಯನ್ನು ಬೇರೆ ಎತ್ತಿ ತೋರಿಸಿದಳು. ಮದುವೆಯ ಹಿಂದಿನ ದಿನ ಈ ಮೂರ್ತಿಯನ್ನು ತೋಟದಲ್ಲಿಟ್ಟರೆ ಮಳೆ ಬರುವುದಿಲ್ಲವಂತೆ, ತಲೆ ತಾನಾಗಿ ಬಿದ್ದದ್ದಾದರೆ ಇನ್ನೂ ಶ್ರೇಷ್ಠವಂತೆ. ಐರ್ಲೆಂಡಿನ ಮಳೆ ನೋಡಿದ ಮೇಲೆ ಆ ದೇವರ ತಲೆ ಯಾಕೆ ಬಿತ್ತು ಎಂದು ನನಗೆ ಅರ್ಥವಾಯಿತು. ಇಷ್ಟು ಜನ ಕೇಳಿಕೊಂಡರೆ ಯಾರ ತಲೆ ನಿಂತೀತು?

ಗಾಳಿ ಕಿವಿಯೊಳಗೆ ನುಗ್ಗುತ್ತಿತ್ತು. ಮುಂದಿನ ಟೇಬಲ್ಲಿನಲ್ಲಿ ಕೈಹೆಣಿಗೆಯ ಒಂದು ಉಣ್ಣೆ ಟೋಪಿ ಕಂಡಿತು. ಕೆಂಪು ಹಳದಿ ಪಟ್ಟೆ, ತುದಿಯಲ್ಲಿ ಉಣ್ಣೆಯ ಗೊಂಡೆ, ಎರಡು ಪಕ್ಕಕ್ಕೂ ಒಂದೊಂದು ಸೀಳು. ಕಿವಿ ಹೊರಗೆ ಬರಲಿ ಎಂದಿರಬೇಕು, ಎಷ್ಟು ಯೋಚನೆ ಮಾಡಿ ಹೆಣೆದಿದ್ದಾರೆ! ತೆಗೆದುಕೊಂಡು ಅಲ್ಲೇ ತಲೆಗೆ ಹಾಕಿಕೊಂಡೆ. ಮಾರಿದ ಹೆಂಗಸು ಒಂದು ಗಳಿಗೆ ನನ್ನನ್ನೇ ನೋಡಿ “ಲವ್ಲಿ” ಅಂದಳು. ಪಕ್ಕದವಳೂ “ಲವ್ಲಿ” ಅಂದಳು. ಆ ಹೊಲದಲ್ಲಿ ಎದುರಾದವರೆಲ್ಲ ನನ್ನನ್ನು ನೋಡಿ ನಕ್ಕರು. ಐರಿಷ್ ಜನ ಬಹಳ ಸ್ನೇಹಮಯಿಗಳು ಎಂದು ಅಂದೇ ಮೈಸೂರಿಗೆ ವಾಯ್ಸ್ ಮೆಸೇಜು ಕಳಿಸಿದೆ.

ಟೋಪಿಯ ಗುಂಗಿನಲ್ಲಿ ತಿರುಗಿದಾಗ ರೇನ್‌ಕೋಟಿನ ತೋಳು ತಾಗಿ ಒಬ್ಬನ ಟೇಬಲ್ಲಿನಿಂದ ಬಸಿ ಬಿದ್ದು ಒಡೆಯಿತು. ದುಡ್ಡು ಕೊಡುತ್ತೇನೆ ಎಂದು ಪರ್ಸು ತೆಗೆದೆ. ಅವನು ಕೈಯಾಡಿಸಿ “ಆಹ್, ಯು ಆರ್ ಗ್ರ್ಯಾಂಡ್” ಅಂದ. ಬಸಿ ಒಡೆದರೂ ಸೀರೆ ಮೆಚ್ಚುವ ರಸಿಕ! ನಾನು ಸೆರಗು ಸರಿಮಾಡಿಕೊಂಡು, “ಥ್ಯಾಂಕ್ಯೂ, ಮೈಸೂರ್ ಸಿಲ್ಕ್” ಅಂದೆ. ಕಾರಿಗೆ ಬಂದು ಹೇಳಿದರೆ ಪದ್ಮ ಮತ್ತೆ ಹೊಟ್ಟೆ ಹಿಡಿದುಕೊಂಡಳು. ಇಲ್ಲಿ ಗ್ರ್ಯಾಂಡ್ ಎಂದರೆ ‘ಪರವಾಗಿಲ್ಲ ಬಿಡಿ’ ಎಂದರ್ಥವಂತೆ.

ಮಂಗಳವಾರ: ಶುದ್ಧೀಕರಣ

ಆ ಹೊಲದಿಂದ ನಾನು ತಂದ ಹಿತ್ತಾಳೆಯ ಪಾತ್ರೆಯನ್ನು ಪದ್ಮ ಎರಡು ದಿನ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹಿತ್ತಲಲ್ಲಿ ಕಸದ ತೊಟ್ಟಿಯ ಪಕ್ಕ ಇಟ್ಟಿದ್ದಳು, ಮುಟ್ಟಾದವಳನ್ನು ಕೂರಿಸಿದ ಹಾಗೆ.

“ಅದ್ರಲ್ಲಿ ಏನೇನು ಬೇಯ್ಸಿದ್ರೋ, ಯಾವ ಹಂದಿನೋ.”

“ಹುಣಿಸೇಹಣ್ಣು ಹಾಕಿ ತಿಕ್ಕಿದ್ರೆ ಹಂದಿ ಏನು, ಜಾತಿನೂ ಬಿಟ್ಟುಹೋಗುತ್ತೆ ಕಣೇ,” ಅಂದೆ.

ತಿಕ್ಕಿದೆ. ಭುಜ ಚುರ್ ಚುರ್ ಅಂದರೂ ಬಿಡದೆ ತಿಕ್ಕಿದೆ. ಪಾತ್ರೆ ಬಂಗಾರದ ಹಾಗಾಯಿತು. ಸಂಜೆ ಅದರಲ್ಲಿ ಬಿಸಿಬೇಳೆಬಾತು ಮಾಡಿದೆ. ಪದ್ಮ ಮೂರು ಸಲ ಬಡಿಸಿಕೊಂಡಳು, ಹಂದಿಯ ವಿಷಯ ಎತ್ತಲಿಲ್ಲ.

ಎರಡನೆಯ ಭಾನುವಾರ: ನೋಡಿಕೊಂಡು ಬರ್ತೀನಿ

ಈ ಸಲ ಪದ್ಮ ನನ್ನನ್ನು ಗೇಟಿನಲ್ಲಿ ಇಳಿಸಿ ತಾನು ಕಾರಿನಲ್ಲೇ ಉಳಿದಳು. ನಾನು ಟೋಪಿ ಹಾಕಿಕೊಂಡು ಒಳಗೆ ನಡೆದೆ. ಎರಡನೆಯ ಸಾಲಿನ ಕೊನೆಯಲ್ಲಿ ಒಂದು ಹಳೇ ಬಿಳಿ ಕಾರು, ಮುಂದಿನ ಸೀಟಿನಲ್ಲಿ ಒಂದು ಪುಟ್ಟ ನಾಯಿ, ಡಿಕ್ಕಿಯ ಪಕ್ಕ ಕುರ್ಚಿಯಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಮುದುಕ. ಚಪ್ಪಟೆ ಟೋಪಿ, ಫ್ಲಾಸ್ಕಿನಿಂದ ಟೀ. ಹೆಸರು ಡೋನಲ್ ಎಂದು ಆಮೇಲೆ ತಿಳಿಯಿತು. ಅವರ ಟೇಬಲ್ಲಿನ ಅಂಚಿಗೆ ಕಚ್ಚಿಕೊಂಡು ನಿಂತಿತ್ತು, ಹಸಿರು ಕಾಫಿ ಮಿಲ್ಲು. ತುತ್ತೂರಿ ಬಾಯಿ. ಮರದ ಹಿಡಿ. ಹೊಟ್ಟೆಯ ಮೇಲೆ ಎರಡು.

ಅಮ್ಮ ಬೆಳಿಗ್ಗೆ ಐದೂವರೆಗೆ ಇದನ್ನು ತಿರುಗಿಸುವ ಸದ್ದಿಗೇ ನಾವಿಬ್ಬರೂ ಏಳುತ್ತಿದ್ದೆವು. ಹದಿನೆಂಟು ವರ್ಷ ದೇಶವೆಲ್ಲ ಹುಡುಕಿದ್ದು ಏಳು ಸಮುದ್ರದಾಚೆ ಒಬ್ಬ ಮುದುಕನ ಡಿಕ್ಕಿಯಲ್ಲಿ ಕೂತಿದೆ!

ಆದರೆ ದೇವರಾಜ ಮಾರ್ಕೆಟ್ಟಿನಲ್ಲಿ ಪಳಗಿದವಳು ನಾನು. ಬೇಕಾದ ವಸ್ತುವನ್ನು ಬೇಕು ಎಂಬ ಮುಖದಿಂದ ನೋಡಬಾರದು, ಇದು ಮೊದಲ ಸೂತ್ರ. ಒಂದು ಮುರುಕು ಗಡಿಯಾರವನ್ನು ಎತ್ತಿ ನೋಡಿದೆ, ಒಂದು ಸೌಟನ್ನು ಎತ್ತಿ ಮೂಸಿದೆ, ಆಮೇಲೆ ಉದಾಸೀನದಿಂದ ಮಿಲ್ಲಿನ ಕಡೆ ಗಲ್ಲ ಎತ್ತಿ ಏನು ರೇಟು ಎಂದೆ. ಅವರು ಹೇಳಿದರು. ನ್ಯಾಯವಾದ ಬೆಲೆಯೇ. “ಟೂ ಮಚ್” ಅಂದೆ. ಅವರು ಬೇಜಾರಿನಿಂದ ತಲೆ ಆಡಿಸಿ, ತಮ್ಮ ಅಮ್ಮನದು ಎಂದರು. ಮನೆಯಲ್ಲಿ ಯಾರೂ ಕಾಫಿ ಕುಡಿದವರಲ್ಲವಂತೆ. ಅಮ್ಮ ಇದರಲ್ಲಿ ಕೋಳಿಗಳಿಗೆ ಜೋಳ ಒಡೆಯುತ್ತಿದ್ದಳಂತೆ. ಕಾರ್ಕ್ ಜನರ ಇಂಗ್ಲಿಷು ಏರುತ್ತದೆ, ಇಳಿಯುತ್ತದೆ, ಕೊನೆಗೆ ಮತ್ತೆ ಏರುತ್ತದೆ. ಅದು ಪ್ರಶ್ನೆಯೋ ಉತ್ತರವೋ ತಿಳಿಯುವುದಿಲ್ಲ. ಕೋಳಿ ಎಂಬುದನ್ನು ಅವರು ಕೊಕ್ಕೊಕ್ಕೋ ಎಂದು ಕೂಗಿ ತೋರಿಸಿದ್ದರಿಂದ ಅಷ್ಟು ಅರ್ಥವಾಯಿತು.

ಈಗ ಎರಡನೆಯ ಸೂತ್ರ. ನಮ್ಮಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿರುವುದೇ. “ನೋಡ್ಕೊಂಡು ಬರ್ತೀನಿ” ಎಂದು ಹೇಳಿ ಹೊರಡುವುದು. ಹಾಗೆಂದರೆ ಬರುವುದಿಲ್ಲ ಎಂದರ್ಥ. ಅಂಗಡಿಯವನಿಗೂ ಅದು ಗೊತ್ತು. ಆದ್ದರಿಂದಲೇ ಅವನು ಹತ್ತು ಹೆಜ್ಜೆಗೆ ಸರಿಯಾಗಿ, “ಅಮ್ಮಾ, ಬನ್ನಿ ಬನ್ನಿ, ನೀವೇ ಒಂದು ಹೇಳಿ” ಎಂದು ಕೂಗುತ್ತಾನೆ. ನಾನು ಡೋನಲ್ಲರಿಗೆ ಕೈಮುಗಿದು, “ಐ ವಿಲ್ ಗೋ ಅಂಡ್ ಕಮ್” ಅಂದೆ. ಅವರು ಎದ್ದು ನಿಂತು ಏನೋ ಏರಿಸಿ ಇಳಿಸಿ ಹೇಳಿದರು. ಅದರಲ್ಲಿ ನನಗೆ ತಿಳಿದದ್ದು ಕೊನೆಯ “ಗರ್ಲ್” ಒಂದೇ. ಐವತ್ತೆಂಟು ವರ್ಷದವಳಿಗೆ ಗರ್ಲ್! ಮನಸ್ಸಿನಲ್ಲೇ ಉಬ್ಬಿಕೊಂಡು ಹೊರಟೆ.

ಹತ್ತು ಹೆಜ್ಜೆ ಇಟ್ಟೆ. ಕರೆಯಲಿಲ್ಲ. ಹೆಜ್ಜೆ ಚಿಕ್ಕದು ಮಾಡಿದೆ. ಇಪ್ಪತ್ತು. ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿ ನಿಂತೆ. ಎಲ್ಲಿಯ ಕರೆ! ಇಡೀ ಹೊಲ ಒಂದು ಸುತ್ತು ಹಾಕಿ, ಏನೂ ಗೊತ್ತಿಲ್ಲದವಳ ಹಾಗೆ ಅವರ ಕಾರಿನ ಮುಂದೆಯೇ ಹಾದೆ. ಓರೆಗಣ್ಣಿನಿಂದ ನೋಡಿದರೆ ಅವರು ನನಗೆ ಬೆನ್ನು ಮಾಡಿ ಕಾರಿನೊಳಗೆ ಬಗ್ಗಿದ್ದರು, ಟೇಬಲ್ಲಿನ ಅಂಚು ಬರಿದು. ಮಿಲ್ಲು ಇಲ್ಲ.

ಮಾರಿಬಿಟ್ಟಿದ್ದರು. ಹತ್ತು ನಿಮಿಷದೊಳಗೆ, ಬೇರೆ ಯಾವಳೋ ಜಾಣತನವಿಲ್ಲದವಳು ಬಂದು, ಕೇಳಿದಷ್ಟು ಕೊಟ್ಟು, ನನ್ನ ಅಮ್ಮನ ಮಿಲ್ಲನ್ನು ಎತ್ತಿಕೊಂಡು ಹೋಗಿದ್ದಳು. ಹೋಗಿ ಕೇಳೋಣವೆಂದರೆ ಮಾನ ಅಡ್ಡ ಬಂತು. ಅಷ್ಟರಲ್ಲಿ ಮಳೆಯೂ ಬಂತು. ಗೇಟಿಗೆ ಓಡಿ, ಕಾರಿನಲ್ಲಿ ಕೂತು, “ನಡಿ ಮನೆಗೆ” ಅಂದೆ.

ಅದೇ ಸಂಜೆ: ಬಕೆಟ್ಟು

ಊಟ ಬಿಟ್ಟೆ. ಪದ್ಮ ಕಾಫಿ ತಂದಿಟ್ಟಳು. ಒಂದು ಗುಟುಕು ಕುಡಿದು, ಆದದ್ದನ್ನೆಲ್ಲ ಹೇಳಿ, ಕೊನೆಗೆ ರೂಢಿಯಂತೆ ಅಲ್ಲಿಗೇ ಬಂದೆ.

“ಅವತ್ತು ನೀನು ಆ ದರಿದ್ರ ಬಕೆಟ್ಟಿಗೆ ಬಾಯಿಬಿಡದೇ ಇದ್ದಿದ್ರೆ, ಇವತ್ತು ನಾನು ಯಾವುದೋ ದೇಶದ ಕೆಸರಲ್ಲಿ ನಿಂತು ಮರ್ಯಾದೆ ಕಳ್ಕೋಬೇಕಿತ್ತಾ?”

ಬಕೆಟ್ಟು ಎಂಬ ಶಬ್ದ ಕಿವಿಗೆ ಬಿದ್ದದ್ದೇ ನಾಗೇಶ ಲ್ಯಾಪ್‌ಟಾಪು ಎತ್ತಿಕೊಂಡು ಮಹಡಿ ಹತ್ತಿದ. ಪದ್ಮ ಮಾತ್ರ ಎಂದಿನಂತೆ ತಿರುಗಿ ಬೈಯಲಿಲ್ಲ. ಡಬರಿ ಕೆಳಗಿಟ್ಟಳು.

“ಅಕ್ಕಾ, ಆ ಪ್ಲಾಸ್ಟಿಕ್ಕಿನವಳನ್ನ ಕರೆದದ್ದು ಅಮ್ಮ.”

“ಯಾವ ಅಮ್ಮ?”

“ನಮ್ಮಮ್ಮ. ಅಮ್ಮಂಗೆ ಭುಜ ಹಿಡ್ಕೊಂಡಿತ್ತು. ಮಿಲ್ಲು ತಿರುಗ್ಸಕ್ಕೆ ಆಗ್ತಿರ್ಲಿಲ್ಲ. ಒಂದು ಸುತ್ತಿಗೆ ಕಣ್ಣಲ್ಲಿ ನೀರು ಬರೋದು. ನೀನು ಭಾನುವಾರ ಭಾನುವಾರ ಬಂದು, ಅಮ್ಮಾ ನಂಗೆ ಹೊಸದಾಗಿ ಪುಡಿ ಮಾಡಿದ್ದೇ ಬೇಕು, ಅಂಗಡಿ ಪುಡಿ ಹುಣಿಸೇಬೀಜ ಅಂತಿದ್ದೆ. ಮಿಲ್ಲೇ ಇಲ್ದೇ ಇದ್ರೆ ಕೇಳಲ್ವಲ್ಲ ಅಂತ ಅವಳೇ ಎತ್ತಿ ಕೊಟ್ಲು. ಬಕೆಟ್ಟು ಆರಿಸಿದ್ದೂ ಅವಳೇ. ನಾನು ಕೆಂಪು ತಗೋ ಅಂದೆ. ನೀಲಿ ಇರ್ಲಿ ಅಂದ್ಲು.”

ನನಗೆ ಮಾತು ಹೊರಡಲಿಲ್ಲ. ಬ್ಲಾರ್ನಿ ಕಲ್ಲಿಗೆ ಹತ್ತು ಸಲ ಮುತ್ತು ಕೊಟ್ಟಿದ್ದರೂ ಹೊರಡುತ್ತಿರಲಿಲ್ಲ.

“ಲಲಿತಂಗೆ ಹೇಳ್ಬೇಡ, ನೊಂದ್ಕೋತಾಳೆ, ನೀನೇ ಕೊಟ್ಟೆ ಅನ್ನು, ನಿಂಗೆ ಬೈದ್ರೆ ತಡ್ಕೋತೀಯ ಅಂದ್ಲು. ಆಮೇಲೆ ಅವಳು ಹೋದ್ಲು.”

“ಆಮೇಲೆ ಹದಿನಾರು ವರ್ಷ ಇತ್ತಲ್ಲೇ, ಹೇಳೋಕೆ ಏನಾಗಿತ್ತು?”

“ಅಭ್ಯಾಸ ಆಗೋಯ್ತು. ನೀನು ಫೋನ್ ಮಾಡಿದಾಗ ಬಕೆಟ್ಟಿನ ಮಾತು ಬರ್ದೇ ಇದ್ರೆ ನಿಂಗೆ ಮೈ ಹುಷಾರಿಲ್ವೇನೋ ಅನ್ಸೋದು.”

ಎದ್ದು ಹೋಗಿ ಹಿತ್ತಲಲ್ಲಿ ನಿಂತೆ. ಗಣಿತದ ಟೀಚರಾದ ನಾನು ಹದಿನೆಂಟು ವರ್ಷ ಒಂದು ಲೆಕ್ಕ ತಪ್ಪು ಮಾಡಿಕೊಂಡು, ಅದನ್ನು ಬೇರೆಯವಳ ಬೋರ್ಡಿನ ಮೇಲೆ ಬರೆದಿದ್ದೆ. ನಾಚಿಕೆಯಾಯಿತು. ಅಮ್ಮನ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಭಾನುವಾರದ ಆ ಕಾಫಿಯನ್ನು ನಾನು ಎರಡೆರಡು ಲೋಟ ಕುಡಿಯುತ್ತಿದ್ದೆ.

ಪದ್ಮ ಹಿಂದೆಯೇ ಬಂದಳು. “ಆ ತಾತ ಏನಂದ್ರು, ಸರಿಯಾಗಿ ಹೇಳು.”

“ಏನೋ ರೈಟ್ ಸೋ, ಹೋಲ್ಡು, ಗರ್ಲು ಅಂದ ಹಾಗಾಯ್ತು.”

“ಅಯ್ಯೋ ಪೆದ್ದಿ! ಸರಿ, ನಿಮಗೋಸ್ಕರ ಎತ್ತಿಟ್ಟಿರ್ತೀನಿ ಅಂದಿದ್ದಾರೆ! ನೀನು ಹೋಗಿ ಬರ್ತೀನಿ ಅಂದೆ. ಅವರು ನಂಬಿದ್ದಾರೆ!”

ಹೊಲ ಆಗಲೇ ಬಾಗಿಲು ಹಾಕಿತ್ತು. ತೆರೆಯುವುದು ಮುಂದಿನ ಭಾನುವಾರ. ಅದರ ಮುಂದಿನ ಬುಧವಾರ ನನ್ನ ವಿಮಾನ. ಆ ವಾರವಿಡೀ ನಾನು ಬಕೆಟ್ಟು ಎಂಬ ಶಬ್ದ ಎತ್ತಲಿಲ್ಲ. ಬಚ್ಚಲಿನಲ್ಲಿ ಬೇಕಾದಾಗಲೂ ‘ಅದು ಕೊಡು’ ಎಂದೆ.

ಮೂರನೆಯ ಭಾನುವಾರ: ಟೋಪಿಯ ಗುಟ್ಟು

ಗೇಟಿನಲ್ಲಿ ಹಳದಿ ಜಾಕೆಟ್ಟಿನ ಹೆಂಗಸು ನಮ್ಮ ಕಾರನ್ನು ತಡೆದು, ಬಗ್ಗಿ, ನನ್ನ ತಲೆಯನ್ನೇ ನೋಡಿದಳು.

“ಟೀ ಕೋಸಿ ಹಾಕಿಕೊಂಡ ಹೆಂಗಸು ನೀವೇ ಅಲ್ಲವೇ?”

ಪದ್ಮ ಅವಳ ಜೊತೆ ಮಾತಾಡಿದಳು. ಮಾತಾಡುತ್ತ ಆಡುತ್ತ ಪದ್ಮಳ ಮುಖ ಕೆಂಪಾಯಿತು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ವಿಷಯ ಇದು. ನನ್ನ ತಲೆಯ ಮೇಲಿದ್ದದ್ದು ಟೋಪಿಯಲ್ಲ. ಟೀ ಆರದಿರಲಿ ಎಂದು ಟೀ ಪಾಟಿಗೆ ತೊಡಿಸುವ ಕುಲಾವಿ. ಒಂದು ಸೀಳು ಪಾಟಿನ ಮೂತಿಗೆ, ಇನ್ನೊಂದು ಹಿಡಿಗೆ. ಇಡೀ ಹೊಲ ಎರಡು ವಾರದಿಂದ ನನ್ನನ್ನು ಆ ಹೆಸರಿನಿಂದಲೇ ಕರೆಯುತ್ತಿತ್ತು, ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಎಷ್ಟು ಸಭ್ಯ ಜನವಪ್ಪಾ!

ಎರಡನೆಯ ವಿಷಯ ಕೇಳಿ ನನಗೆ ನಗು ಬರಲಿಲ್ಲ. ಕಳೆದ ಭಾನುವಾರ ಎಲ್ಲ ಕಾರುಗಳೂ ಹೋದ ಮೇಲೂ ಡೋನಲ್ ಮಳೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೇ ಇದ್ದರಂತೆ. ಗೇಟು ಹಾಕಬೇಕು, ಮನೆಗೆ ಹೋಗಿ ಎಂದು ಈಕೆ ಎರಡು ಸಲ ಹೇಳಿದಳಂತೆ. “ಆ ಹೆಂಗಸು ಹೋಗಿ ಬರ್ತೀನಿ ಅಂದಿದ್ದಾಳೆ, ಪಾಪ, ದಾರಿ ತಪ್ಪಿರಬೇಕು,” ಎಂದರಂತೆ.

ನಾನು ಕುಲಾವಿ ತೆಗೆಯದೆ ಓಡಿದೆ. ಹಾಕಿಕೊಂಡಿದ್ದರೆ ತಾನೇ ಅವರಿಗೆ ಗುರುತು ಸಿಗುವುದು? ಎರಡನೆಯ ಸಾಲಿನ ಕೊನೆಯಲ್ಲಿ ಬಿಳಿ ಕಾರು ಇರಲಿಲ್ಲ. ಮೂರನೆಯದರಲ್ಲೂ ಇಲ್ಲ. ಬೇಲಿಯ ಪಕ್ಕ, ಕಟ್ಟಕಡೆಯಲ್ಲಿ ಕಂಡಿತು. ಮುಂದಿನ ಸೀಟಿನಲ್ಲಿ ಒಂದು ಟವೆಲ್ಲಿನ ಗಂಟು, ಅದನ್ನು ಅಪ್ಪಿಕೊಂಡು ನಾಯಿ ಮಲಗಿತ್ತು. ಡೋನಲ್ ನಾಯಿಯನ್ನು ಸರಿಸಿ ಟವೆಲ್ಲು ಬಿಚ್ಚಿದರು. ಹಸಿರು ಮಿಲ್ಲು. ಇಬ್ಬರು ಕೇಳಿದ್ದರಂತೆ, ಕೊಡಲಿಲ್ಲವಂತೆ.

“ಸಾರಿ,” ಅಂದೆ. “ವೆರಿ ಸಾರಿ. ಲೇಟಾಯ್ತು.” ಒಂದು ವಾರ ಲೇಟಾಗಿ ಬಂದವಳು ಇನ್ನೇನು ಹೇಳಬೇಕು?

“ಯು ಆರ್ ಗ್ರ್ಯಾಂಡ್,” ಅಂದರು.

ಈ ಸಲ ನನಗೆ ಅರ್ಥವಾಯಿತು. ಸೆರಗು ಮುಟ್ಟಿಕೊಳ್ಳಲಿಲ್ಲ.

ಕೇಳಿದಷ್ಟನ್ನೇ ಕೊಟ್ಟೆ. ದೇವರಾಜ ಮಾರ್ಕೆಟ್ಟಿನವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನಂಬಬೇಡಿ. ಅವರು ದುಡ್ಡು ತೆಗೆದುಕೊಂಡು, ಅದರಲ್ಲೇ ಒಂದು ನಾಣ್ಯವನ್ನು ವಾಪಸು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅದೃಷ್ಟಕ್ಕೆ ಎಂದು ಮಾರಿದವರು ಕೊಂಡವರಿಗೆ ಹಾಗೆ ಕೊಡುವುದು ಹಳೇ ಪದ್ಧತಿಯಂತೆ, ದನದ ಸಂತೆಯ ಕಾಲದಿಂದ ಬಂದದ್ದು.

“ಪದ್ದು, ಕೊಸರು ಕಣೇ!” ಎಂದು ಬೆನ್ನಿಗೇ ಓಡಿಬಂದಿದ್ದ ಪದ್ಮಳಿಗೆ ಕಿರುಚಿ ಹೇಳಿದೆ. ಸೊಪ್ಪಿನವಳ ಹತ್ತಿರ ಜಗಳವಾಡಿ ಕಿತ್ತುಕೊಳ್ಳುವ ಕೊಸರನ್ನು ಈ ಮನುಷ್ಯ ಕೇಳದೆ ಕೊಟ್ಟಿದ್ದರು.

ಆಮೇಲೆ ನಾನು ಮಿಲ್ಲನ್ನು ಅವರ ಟೇಬಲ್ಲಿಗೆ ಕಚ್ಚಿಸಿ ಹಿಡಿ ತಿರುಗಿಸಿದೆ. ಅರ್ಧ ಸುತ್ತಿಗೆ ಭುಜ ಚುಳ್ಳೆಂದು ಹಿಡಿಯಿತು. ಕೈ ಅಲ್ಲೇ ನಿಂತಿತು. ಹಲ್ಲು ಕಚ್ಚಿ ಇನ್ನೊಮ್ಮೆ ನೂಕಿದೆ, ಕಣ್ಣಲ್ಲಿ ನೀರು ಬಂತು. ಅಮ್ಮನದೂ ಇದೇ ಭುಜ, ಇದೇ ವಯಸ್ಸು. ಅಲ್ಲೇ, ಕುಲಾವಿ ಹಾಕಿಕೊಂಡು, ಪರದೇಶದ ಮುದುಕನ ಎದುರಿಗೆ ಗಳಗಳ ಅತ್ತುಬಿಟ್ಟೆ. ಪದ್ಮ ನನ್ನ ಕೈಯ ಮೇಲೆ ಕೈಯಿಟ್ಟು ತಿರುಗಿಸಿದಳು. ಅದೇ ಸದ್ದು, ಐದೂವರೆಯ ಸದ್ದು. ಒಳಗಿನಿಂದ ಒಂದು ಹಳೇ ಜೋಳದ ನುಚ್ಚು ಬಿತ್ತು.

“ಕೋಳಿ ಮಿಲ್ಲು,” ಎಂದು ಮೂಗೊರೆಸಿಕೊಂಡಳು ಪದ್ಮ.

“ಜೋಳ ಸಸ್ಯಾಹಾರವೇ ಕಣೇ,” ಅಂದೆ.

ಹೊರಡುವ ಹೊತ್ತಿಗೆ ನಾನು ಕೈಮುಗಿದು ಬಾಯಿ ತೆರೆದೆ, ಪದ್ಮ ಥಟ್ಟನೆ ನನ್ನ ಬಾಯಿ ಮುಚ್ಚಿದಳು. “ಗೋ ಅಂಡ್ ಕಮ್ ಅಂದ್ರೆ ಇವರು ನೀನು ಮೈಸೂರಿಂದ ವಾಪಸ್ ಬರೋವರೆಗೂ ಇಲ್ಲೇ ಕೂತಿರ್ತಾರೆ!” ಆಮೇಲೆ ಅವಳೇ ಡೋನಲ್ಲರಿಗೆ ವಿವರಿಸಿದಳು. ನಮ್ಮಲ್ಲಿ ಹೋಗುತ್ತೇನೆ ಎನ್ನುವುದು ಅಪಶಕುನ, ಅದಕ್ಕೇ ಹೋಗಿ ಬರ್ತೀನಿ ಎನ್ನುತ್ತೇವೆ, ಬರದಿದ್ದರೂ ಎನ್ನುತ್ತೇವೆ. ಅವರು ಯೋಚನೆ ಮಾಡಿ, “ನಮ್ಮಲ್ಲಿ ಹೋಗುತ್ತೇನೆ ಅಂತಲೇ ಹೇಳುತ್ತೇವೆ, ಆದರೆ ಹೇಳಿದ ಮೇಲೂ ಒಂದು ಗಂಟೆ ಬಾಗಿಲಲ್ಲೇ ನಿಂತಿರುತ್ತೇವೆ” ಎಂದರು. ನಾವೂ ಅಲ್ಲಿ ಹಾಗೇ ನಿಂತಿದ್ದೆವು. ಅವರ ಫ್ಲಾಸ್ಕಿನ ಟೀ ಮುಗಿಯಿತು. ಆರಿಹೋಗಿತ್ತು. ಕುಲಾವಿ ನನ್ನ ತಲೆಯ ಮೇಲಿತ್ತಲ್ಲ.

ಬುಧವಾರ: ಕಾರ್ಕ್ ವಿಮಾನ ನಿಲ್ದಾಣ

ಮಿಲ್ಲನ್ನು ನಾನು ತರಲಿಲ್ಲ. ಮಂಗಳವಾರ ರಾತ್ರಿ ಸೂಟ್‌ಕೇಸು ಕಟ್ಟುವಾಗ ಅದನ್ನು ಟವೆಲ್ಲಿನಲ್ಲಿ ಸುತ್ತಿ ಒಳಗಿಟ್ಟೆ, ಮತ್ತೆ ತೆಗೆದೆ, ಹೋಗಿ ಪದ್ಮಳ ಅಡುಗೆಕಟ್ಟೆಗೆ ಕಚ್ಚಿಸಿ ತಿರುಪು ಬಿಗಿದೆ. “ಇಲ್ಲೇ ಇರ್ಲಿ,” ಅಂದೆ. “ನಿನ್ನ ಭುಜ ಇನ್ನೂ ಗಟ್ಟಿಯಾಗಿದೆ.” ಅವಳು ಬೆನ್ನು ತಿರುಗಿಸಿ ಸಿಂಕಿನಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ನಿಲ್ದಾಣದಲ್ಲಿ ನಾಗೇಶ ಲಗೇಜು ಇಳಿಸುತ್ತಿದ್ದ. ಪದ್ಮ ಕಾರಿನ ಹಿಂದೆ ಹೋಗಿ ಡಿಕ್ಕಿ ತೆರೆದು, ಬೆನ್ನ ಹಿಂದೆ ಏನೋ ಬಚ್ಚಿಟ್ಟುಕೊಂಡು ಬಂದಳು.

“ಹಳೇ ಸಾಮಾನು ಕೊಟ್ಟೋರನ್ನ ಬರಿಗೈಲಿ ಕಳಿಸಬಾರ್ದು,” ಎಂದು ನನ್ನ ಕೈಗೆ ಕೊಟ್ಟಳು.

ಪ್ಲಾಸ್ಟಿಕ್ ಬಕೆಟ್ಟು. ಹೊಚ್ಚ ಹೊಸದ್ದು. ನೀಲಿ.

ನಾನು ನಕ್ಕೆ, ಅವಳೂ ನಕ್ಕಳು, ಆಮೇಲೆ ಇಬ್ಬರೂ ಅತ್ತೆವು. ನಾಗೇಶ ಅಭ್ಯಾಸಬಲದಿಂದ ಹತ್ತು ಹೆಜ್ಜೆ ದೂರ ಹೋಗಿ ನಿಂತುಕೊಂಡ. ತಲೆಗೆ ಕುಲಾವಿ, ಕೈಗೆ ಬಕೆಟ್ಟು ಹಾಕಿಕೊಂಡು ನಾನು ಬಾಗಿಲಿನ ಕಡೆ ತಿರುಗಿದೆ.

“ಹೋಗಿ ಬರ್ತೀನಿ ಕಣೇ ಪದ್ದು.”

“ನಿಜವಾಗ್ಲೂ ಬರ್ತೀಯಾ ಅಕ್ಕಾ, ಇಲ್ಲಾ ಅಂಗಡಿಯೋರಿಗೆ ಹೇಳೋ ಥರಾನಾ?”

“ಮಿಲ್ಲಿಗೆ ಟವೆಲ್ ಮುಚ್ಚಿ ಎತ್ತಿಟ್ಟಿರು ಕಣೇ,” ಅಂದೆ.